ಎರಡನೇ ಮುನಿಯಪ್ಪ

ಹೋದ ತಿಂಗಳು ಗುರುತು ಪರಿಚಯವಿಲ್ಲದ ಒಬ್ಬ ಹೆಣ್ಣುಮಗಳಿಂದ ಇ-ಮೇಲ್ ಬಂತು. ಯಾವುದೋ ದೂರದೇಶದವಳು. ನಾನು ಇಪ್ಪತ್ತೈದು ವರ್ಷದ ಹಿಂದೆ ಬರೆದು ಕೈಬಿಟ್ಟ ಒಂದು ಸಾಫ್ಟ್‌ವೇರಿನ ನಾಲ್ಕಾರು ಸಾಲು ಅವರ ಕಡೆ ಇನ್ನೂ ಜೀವ ಹಿಡಿದುಕೊಂಡಿದೆಯಂತೆ. ಹಳೆಯದನ್ನೆಲ್ಲ ಗುಡಿಸಿ ಚೊಕ್ಕಟ ಮಾಡುವಾಗ ಅವಳಿಗೆ ಒಂದು ವಿಚಿತ್ರ ಕಂಡಿದೆ. ಹೆಸರಿನ ಮುಂದಿನ ಒಂಟಿ ಅಕ್ಷರಗಳನ್ನು ಯಾವ ಕಾರಣಕ್ಕೂ ಮುಟ್ಟಕೂಡದು ಎಂದು ನಾನು ಕೋಡಿನ ನಡುವೆ ದೊಡ್ಡಕ್ಷರದಲ್ಲಿ ಬರೆದಿದ್ದೇನೆ. ಬದಲಾವಣೆಗಳ ಪಟ್ಟಿಯಲ್ಲಿ ಮಾತ್ರ ‘ಸಣ್ಣ ತಿದ್ದುಪಡಿ’ ಎಂದಷ್ಟೇ ಇದೆ. ಅಂಥದ್ದೇನಾಗಿತ್ತು, ಈ ಸಾಲನ್ನು ತೆಗೆಯಬಹುದೇ ಎಂದು ಕೇಳಿದ್ದಾಳೆ, ಪಾಪ, ಬಹಳ ಮರ್ಯಾದೆಯಿಂದ.

ಸಣ್ಣ ತಿದ್ದುಪಡಿ! ಓದಿದವನಿಗೆ ಕಿವಿ ಬಿಸಿಯಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿದೆ. ಐವತ್ತರ ಹತ್ತಿರ ಬಂದ, ನೆಲಮಂಗಲದಲ್ಲಿ ನಾಲ್ಕು ಜನಕ್ಕೆ ಪಾಠ ಹೇಳುವ ಮೇಷ್ಟ್ರು ಒಂದು ಪತ್ರ ಓದಿ ಬಾಗಿಲು ಹಾಕಿಕೊಳ್ಳುತ್ತಾನೆ ಅಂದರೆ ನೀವೇ ಅರ್ಥ ಮಾಡಿಕೊಳ್ಳಿ.

ಅದು ತೊಂಬತ್ತೊಂಬತ್ತರ ಮಳೆಗಾಲ, ದೊಡ್ಡಬಳ್ಳಾಪುರ. ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ, ಹತ್ತು ಗಂಟೆಯಿಂದ ಸಂಜೆಯವರೆಗೆ ಕೆಂಪರಾಜಣ್ಣನ ಕೇಬಲ್ ಟೀವಿ ಆಫೀಸು. ನಮ್ಮ ಮನೆಯಲ್ಲಿ ಎರಡು ಮಗ್ಗ ಇದ್ದವು. ನಮ್ಮ ಬೀದಿಯ ಮನೆಮನೆಯಲ್ಲೂ ಮಗ್ಗ, ಬೆಳಗಾದರೆ ಲಟಕ್ ಪಟಕ್ ಲಟಕ್ ಪಟಕ್. ಆ ಸದ್ದಿನಲ್ಲಿ ಬೆಳೆದ ನಾವೆಲ್ಲ ಈಗಲೂ ಗಂಟಲು ಹರಿದುಕೊಂಡೇ ಮಾತಾಡುತ್ತೇವೆ. ಕೆಂಪರಾಜಣ್ಣನ ಆಫೀಸಿಗೆ ಗಾಜಿನ ಬಾಗಿಲಿತ್ತು. ಅದನ್ನು ಎಳೆದುಕೊಂಡರೆ ಸದ್ದು ಅರ್ಧಕ್ಕೆ ಇಳಿಯುತ್ತಿತ್ತು. ಅಲ್ಲಿಗೆ ಹೋಗಲು ನನಗೆ ಅಷ್ಟೇ ಸಾಕಾಗಿತ್ತು.

ಆಗ ಕೇಬಲ್‌ನವರು ಮಧ್ಯಾಹ್ನ ಒಂದು ಸಿನಿಮಾ ಹಾಕುತ್ತಿದ್ದರು. ಸಿನಿಮಾದ ಕೆಳಗೆ ಒಂದು ಪಟ್ಟಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ಯಾವ ವಾರ್ಡಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ, ಯಾರ ಎಮ್ಮೆ ಕಳೆದಿದೆ, ಯಾರ ಮಗಳ ಮದುವೆ ಯಾವ ಛತ್ರದಲ್ಲಿ, ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ. ಹೆಂಗಸರು ಸಿನಿಮಾ ಬಿಟ್ಟು ಆ ಪಟ್ಟಿಯನ್ನೇ ನೋಡುತ್ತಾರೆ ಎಂದು ಕೆಂಪರಾಜಣ್ಣ ಹೇಳುತ್ತಿದ್ದ. ಸುಳ್ಳಲ್ಲ. ಹಳ್ಳಿಗಳಲ್ಲಿ ಫೋನಿರುವ ಮನೆ ಊರಿಗೆ ಒಂದೋ ಎರಡೋ. ಟೌನಿನಲ್ಲಿರುವ ನೆಂಟರಿಗೆ ಸುದ್ದಿ ಮುಟ್ಟಿಸಬೇಕೆಂದರೆ ಬಸ್ಸು ಹತ್ತಿ ಬಂದು ನಮ್ಮಲ್ಲಿ ಚೀಟಿ ಕೊಟ್ಟು ಹೋಗುತ್ತಿದ್ದರು.

ಆ ಚೀಟಿಗಳನ್ನು ಕಂಪ್ಯೂಟರಿಗೆ ಹೊಡೆಯುತ್ತಿದ್ದವಳು ವನಜಾಕ್ಷಿ. ನನಗಿಂತ ಏಳೆಂಟು ವರ್ಷ ದೊಡ್ಡವಳು, ವನಜಕ್ಕ ಎನ್ನುತ್ತಿದ್ದೆ. ಸಾಸಲು ಕಡೆಯ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟು. ಮನೆತನದಲ್ಲಿ ಹೊಲ ಗದ್ದೆ ಬಿಟ್ಟು ಕುರ್ಚಿ ಮೇಲೆ ಕೂತು ಕೆಲಸ ಮಾಡಿದ ಮೊದಲ ಹೆಂಗಸು ತಾನು ಎಂಬ ಹೆಮ್ಮೆ ಅವಳಿಗಿತ್ತು. ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಹೊಡೆದಾದ ಮೇಲೆ ಚೀಟಿ ತಂದವರನ್ನು ನಿಲ್ಲಿಸಿಕೊಂಡು ಗಟ್ಟಿಯಾಗಿ ಓದುವುದು ಅವಳ ಪದ್ಧತಿ. ಚುಕ್ಕಿಯನ್ನೂ ಬಿಡುತ್ತಿರಲಿಲ್ಲ. “ಕೆ ಚುಕ್ಕಿ ನಾರಾಯಣಸ್ವಾಮಿ. ಸರೀನಾ? ಮಗಳ ಹೆಸ್ರು ದೀರ್ಘನಾ ಹ್ರಸ್ವನಾ?” ಬಂದವರು ತಲೆ ಆಡಿಸಿದ ಮೇಲೇ ಚೀಟಿಯನ್ನು ಬುಟ್ಟಿಗೆ ಹಾಕುತ್ತಿದ್ದಳು.

ನಾನೋ, ಆ ಮಳೆಗಾಲದಲ್ಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಅಮೆರಿಕದ ಕೆಲವು ವೆಬ್‌ಸೈಟುಗಳು ಆಗ ತಾನೇ ತಮ್ಮ ಸುದ್ದಿಯ ತಲೆಬರಹಗಳನ್ನು ಒಂದೇ ಅಚ್ಚಿನಲ್ಲಿ ಬರೆದಿಡಲು ಶುರು ಮಾಡಿದ್ದವು. ಇದು ತಲೆಬರಹ, ಇದು ವಿವರ ಎಂದು ಗುರುತು ಹಾಕಿಟ್ಟ ಪಟ್ಟಿ. ಫೀಡ್ ಎನ್ನುತ್ತಿದ್ದರು. ಯಾರ ಪ್ರೋಗ್ರಾಂ ಬೇಕಾದರೂ ಅದನ್ನು ಎತ್ತಿಕೊಂಡು ಓದಬಹುದು. ಹಾಗೆ ಓದುವ ಕೆಲಸವನ್ನೇ ಮಾಡುವ, ಬೇರೆಯವರು ತಮ್ಮ ಪ್ರೋಗ್ರಾಮಿಗೆ ಹಾಗೇ ಜೋಡಿಸಿಕೊಳ್ಳಬಹುದಾದ ಒಂದು ಕೋಡಿನ ಕಟ್ಟನ್ನು ನಾನು ಬರೆದೆ. ಅಂಥದಕ್ಕೆ ಲೈಬ್ರರಿ ಎಂದು ಹೆಸರು. “ಲೈಬ್ರರಿ ಬರೀತಿದ್ದೀನಿ” ಎಂದರೆ ನಮ್ಮಮ್ಮ, “ಲೈಬ್ರರಿಲಿ ಕೆಲ್ಸ ಸಿಕ್ತೇನೋ? ಗೌರ್ಮೆಂಟಾ?” ಎಂದಿದ್ದರು. ಮೋಡೆಮ್ ಕಿರ್ರೋ ಎಂದು ಅರಚಿ ಲೈನು ಸಿಕ್ಕಿದಾಗ ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದೆ. ತೆಗೆದುಕೊಂಡರು ಕಣ್ರೀ! ಹೆಸರೇ ಉಚ್ಚರಿಸಲಾಗದ ಊರುಗಳಿಂದ ಪತ್ರ ಬರತೊಡಗಿದವು. ಇಲ್ಲಿ ತಪ್ಪಿದೆ, ಅಲ್ಲಿ ನಿಂತುಹೋಗುತ್ತದೆ. ಒಬ್ಬೊಬ್ಬರಿಗೂ ಅದೇ ದಿನ ಉತ್ತರ. “ಕ್ಷಮಿಸಿ, ತಪ್ಪು ನನ್ನದು, ಸರಿಪಡಿಸಿದ್ದೇನೆ.” ಆ ವಾಕ್ಯವನ್ನು ಆ ವರ್ಷ ಎಷ್ಟು ಸಲ ಬರೆದೆನೋ. ಮುಖ ಕಾಣದವರ ಹತ್ತಿರ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭ, ಒಂಥರಾ ಹೆಮ್ಮೆಯೇ ಆಗುತ್ತಿತ್ತು.

ಅದೇ ಲೈಬ್ರರಿಯನ್ನು ಕೇಬಲ್ ಆಫೀಸಿಗೂ ಜೋಡಿಸಿದೆ. ವನಜಕ್ಕನ ಚೀಟಿಗಳಿಗೂ ಅದೇ ಅಚ್ಚು: ಮೇಲೆ ತಲೆಬರಹ, ಕೆಳಗೆ ವಿವರ. ಹೊರಗಿನ ಇಂಗ್ಲಿಷ್ ಸುದ್ದಿ ಒಂದಿಷ್ಟು, ಹಿಂದೆಯೇ ನಮ್ಮೂರ ಕನ್ನಡ ಸುದ್ದಿ, ಎಲ್ಲ ತಾನಾಗಿ ಓಡುತ್ತಿತ್ತು. ಕೆಂಪರಾಜಣ್ಣ ಬಂದವರಿಗೆಲ್ಲ ನನ್ನನ್ನು ತೋರಿಸಿ, “ಇವ್ನ ಪ್ರೋಗ್ರಾಂ ಅಮೆರಿಕದವ್ರೇ ಇಸ್ಕೊಂಡವ್ರೆ ಗುರು, ನಮ್ ಮೂರ್ತಿ ಅಂದ್ರೆ ಏನಂದ್ಕೊಂಡೆ?” ಎನ್ನುತ್ತಿದ್ದ. ನಾನು ಬೇಡ ಬೇಡ ಎನ್ನುವಂತೆ ಕೈ ಆಡಿಸುತ್ತಿದ್ದೆ. ಬೇಕೇ ಬೇಕಿತ್ತು.

ಆಷಾಢದಲ್ಲಿ ಮೊದಲ ಎಡವಟ್ಟು ಆಯಿತು. ಚುಕ್ಕಿ ಬಂದರೆ ವಾಕ್ಯ ಮುಗಿಯಿತು ಎಂದು ನನ್ನ ಲೈಬ್ರರಿ ತಿಳಿದಿತ್ತು. “ಕೆ. ನಾರಾಯಣಸ್ವಾಮಿ ಮಗಳ ನಾಮಕರಣ” ಎಂಬುದು ಸಿನಿಮಾ ಮುಗಿಯುವವರೆಗೂ ಬರೀ “ಕೆ.” ಎಂದು ಓಡಿತು. ಹೋಟೆಲಿನಲ್ಲಿ ನನ್ನನ್ನು ಕಂಡವರೆಲ್ಲ “ಏನಪ್ಪಾ ಕೆ?” ಎನ್ನುವವರೇ. ಸರಿಯಾಗಿ ರಿಪೇರಿ ಮಾಡುವುದಕ್ಕೆ ಎರಡು ದಿನ ಕೂರಬೇಕಿತ್ತು. ಅವಮಾನದ ಉರಿಯಲ್ಲಿ ಹತ್ತು ನಿಮಿಷದ ದಾರಿ ಹಿಡಿದೆ: ಹೆಸರಿನ ಮುಂದೆ ಚುಕ್ಕಿಯಿರುವ ಒಂಟಿ ಅಕ್ಷರ ಕಂಡರೆ ಕಿತ್ತು ಬಿಸಾಕು.

ವನಜಕ್ಕ ಅದನ್ನು ಅವತ್ತೇ ಕಂಡುಹಿಡಿದಳು. “ಇನಿಷಿಯಲ್ ಕಿತ್ತಾಕಿದ್ರೆ ಯಾರು ಏನು ಅಂತ ಹೆಂಗೋ ಗೊತ್ತಾಗೋದು ಮೂರ್ತಿ? ನಮ್ ಕಡೆ ಅದು ಊರಿನ ಅಕ್ಷರ ಕಣೋ. ನಮ್ಮೂರ್ ಸುತ್ತ ಎತ್ತಿ ಕಲ್ಲು ಹಾಕಿದ್ರೆ ಮುನಿಯಪ್ಪಂಗೇ ಬೀಳೋದು.”

“ವಿವರದಲ್ಲಿ ಊರ ಹೆಸರು ಬರುತ್ತಲ್ಲ ಅಕ್ಕ. ಕಂಪ್ಯೂಟರ್ ವಿಷಯ ನಂಗೆ ಬಿಡಿ” ಎಂದೆ. ಅವಳು ಮುಂದಿನ ಚೀಟಿ ಎತ್ತಿಕೊಂಡಳು.

ಗೌರಿಹಬ್ಬ ಕಳೆದ ಮೇಲೆ ಮಳೆ ಜೋರಾಯಿತು. ತೆಂಗಿನ ಮರದಿಂದ ಮರಕ್ಕೆ ಎಳೆದಿದ್ದ ಕೇಬಲ್ಲು ದಿನಾ ಎಲ್ಲೋ ಒಂದು ಕಡೆ ತುಂಡಾಗುತ್ತಿತ್ತು. ಕೆಂಪರಾಜಣ್ಣ ಪ್ಯಾಂಟು ಮಡಚಿಕೊಂಡು ಊರೆಲ್ಲ ಸುತ್ತುತ್ತಿದ್ದ. ಆ ದಿನಗಳಲ್ಲೇ ಇನ್ನೊಂದು ದೂರು ಬಂತು. ಹೊರಗಿನ ಸುದ್ದಿಮನೆಗಳು ಒಂದೇ ಸುದ್ದಿಯನ್ನು ಕೊಂಚ ತಿದ್ದಿ ಮತ್ತೆ ಮತ್ತೆ ಕಳಿಸುತ್ತಿದ್ದವು. ಪಟ್ಟಿಯಲ್ಲಿ ಒಂದೇ ಸುದ್ದಿ ನಾಲ್ಕು ಸಲ. ನೋಡುವವರು ಬೇಸತ್ತಿದ್ದರು, ಲೈಬ್ರರಿ ಬಳಸುತ್ತಿದ್ದ ಹೊರದೇಶದವರೂ ಅದನ್ನೇ ಬರೆದಿದ್ದರು. ಒಂದು ನಿಯಮ ಸೇರಿಸಿದೆ: ತಲೆಬರಹ ಒಂದೇ ಆಗಿದ್ದರೆ ಎರಡನೆಯದನ್ನು ಬಿಟ್ಟುಬಿಡು. ವಿವರ ನೋಡಬೇಡ. ಎಲ್ಲರೂ ಭೇಷ್ ಎಂದರು.

ಒಂದೊಂದೇ ನೋಡಿದರೆ ಎರಡೂ ಸಣ್ಣ ಬದಲಾವಣೆಗಳೇ. ಎರಡೂ ಒಟ್ಟಿಗೆ ಕೂತರೆ ಏನಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಪಕ್ಕದ ಮೇಜಿನವಳು ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಎರಡು ಸಾವಿನ ಚೀಟಿ ಬಂದವು. ಮೊದಲನೆಯದು ಹೊಸಹಳ್ಳಿಯ ಎಚ್. ಮುನಿಯಪ್ಪ ಅವರದು. ಅರ್ಧ ಗಂಟೆ ಬಿಟ್ಟು ಇನ್ನೊಬ್ಬರು ಓಡೋಡಿ ಬಂದರು. ತಿಮ್ಮಸಂದ್ರದ ಟಿ. ಮುನಿಯಪ್ಪ ತೀರಿಕೊಂಡಿದ್ದರು. ಅವರ ಮಗಳು ಭಾಗ್ಯಮ್ಮ ಟೌನಿನಲ್ಲೇ ಇದ್ದಳಂತೆ, ಈಚೆಗೆ ಬಾಡಿಗೆ ಮನೆ ಬದಲಾಯಿಸಿದ್ದಳು, ಹೊಸ ಮನೆ ಎಲ್ಲಿ ಎಂದು ಬಂದವರಿಗೆ ಗೊತ್ತಿರಲಿಲ್ಲ. “ಟೀವಿಲಿ ಹಾಕ್ಬುಡವ್ವ, ನೋಡ್ಕಂಡು ಬತ್ತಾಳೆ. ಒಬ್ಳೇ ಮಗಳು, ಬಾಯಿಗಕ್ಕಿ ಹಾಕ್ಬೇಕು” ಎಂದರು. ವನಜಕ್ಕ ಎಂದಿನಂತೆ ಓದಿ ಹೇಳಿದಳು. “ಟಿ ಚುಕ್ಕಿ ಮುನಿಯಪ್ಪ ನಿಧನ. ತಿಮ್ಮಸಂದ್ರ. ಮಣ್ಣು ಸಂಜೆ ನಾಲ್ಕಕ್ಕೆ. ಸರೀನಾ?” ಅವರು ಕಣ್ಣೊರೆಸಿಕೊಂಡು ಹೋದರು. ನಾನು ಆಗ ಯಾರಿಗೋ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದೆ. ಅವಳು ಓದಿದ್ದು ಕಿವಿಗೆ ಬಿತ್ತೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಿದ್ದಿತ್ತು. ಬಿದ್ದಿತ್ತು ಕಣ್ರೀ.

ಮಾರನೇ ದಿನ ಹನ್ನೊಂದು ಗಂಟೆಗೆ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬಳು ಹೆಂಗಸು ಒಳಗೆ ಬಂದಳು. ತಲೆ ಬಾಚಿರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಭಾಗ್ಯಮ್ಮ. ಮಾರ್ಕೆಟ್ಟಿನಲ್ಲಿ ಊರ ಕಡೆಯವರು ಯಾರೋ ಸಿಕ್ಕಿ, “ಯಾಕಮ್ಮ ಮಣ್ಣಿಗೆ ಬರ್ಲೇ ಇಲ್ವಲ್ಲ, ಕತ್ತಲಾಗಗಂಟ ನಿಂಗೋಸ್ಕರ ಕಾದ್ರು” ಎಂದು ಕೇಳಿದ್ದರಂತೆ. ಅಪ್ಪ ಸತ್ತದ್ದು ಅವಳಿಗೆ ಗೊತ್ತಾದದ್ದು ಹಾಗೆ.

“ಟೀವಿ ಮುಂದ್ಲೇ ಕೂತಿದ್ದೆ ಕಣಣ್ಣಾ” ಎಂದು ಕೆಂಪರಾಜಣ್ಣನ ಮೇಜು ಹಿಡಿದುಕೊಂಡಳು. “ಹೊಸಹಳ್ಳಿ ಮುನಿಯಪ್ಪ ಅಂತ ಬಂತು. ಅಯ್ಯೋ ಪಾಪ, ನಮ್ಮಪ್ಪನ ಹೆಸ್ರೇಯ, ಯಾರ ಮನೆಯವ್ರೋ ಏನೋ ಅಂದ್ಕೊಂಡು ಬೆಳ್ಳುಳ್ಳಿ ಸುಲೀತಾ ಕೂತಿದ್ದೆ. ಮೂರು ಸಲ ಬಂತು. ಮೂರು ಸಲನೂ ಅದೇ ಮುನಿಯಪ್ಪ. ನಮ್ಮಪ್ಪನ್ನ ಯಾಕಣ್ಣ ಹಾಕ್ಲಿಲ್ಲ?”

ಕೆಂಪರಾಜಣ್ಣನ ಮುಖ ಸುಣ್ಣವಾಯಿತು. ವನಜಕ್ಕ ಅವಳಿಗೆ ನೀರು ಕೊಡಲು ಹೋದಳು. ಅವಳು ಲೋಟ ಮುಟ್ಟಲಿಲ್ಲ, ಹಾಗೇ ತಿರುಗಿ ಹೊರಟುಹೋದಳು. ಕೆಂಪರಾಜಣ್ಣ ನಮ್ಮ ಕಡೆ ತಿರುಗಿದ.

“ಏನಮ್ಮ ವನಜಾಕ್ಷಿ, ಚೀಟಿ ಹೊಡೀಲಿಲ್ವಾ?”

“ಹೊಡ್ದಿದ್ದೀನಿ ಅಣ್ಣ. ಓದಿ ಹೇಳ್ದೆ ಅವ್ರಿಗೆ.”

“ಮೂರ್ತಿ, ನಿನ್ ಪ್ರೋಗ್ರಾಂ ಏನಾದ್ರೂ ತಿಂದಾಕ್ತೇನೋ?”

“ಪ್ರೋಗ್ರಾಂ ಇದ್ದದ್ದನ್ನ ತಿನ್ನಲ್ಲ ಅಣ್ಣ” ಎಂದೆ. “ಹೊಡ್ದಿದ್ರೆ ಬಂದೇ ಬರ್ತಿತ್ತು.”

ಆ ಮಾತು ಆಡುವಾಗ ನನ್ನ ಪ್ರೋಗ್ರಾಂ ತಪ್ಪು ಮಾಡದೆಂದೇ ನಂಬಿದ್ದೆ. ಅಷ್ಟರಮಟ್ಟಿಗೆ ನನ್ನನ್ನು ಬಿಟ್ಟುಬಿಡಿ. ಆದರೆ ವನಜಕ್ಕ ನನ್ನ ಮುಖ ನೋಡಿದಳು. ಕಂಪ್ಯೂಟರ್ ವಿಷಯ ಬಲ್ಲವನು, ಅಮೆರಿಕದವರು ಪತ್ರ ಬರೆಯುವವನು ಹೀಗೆ ಹೇಳುತ್ತಿದ್ದಾನೆ. ಅವಳ ಕಣ್ಣಲ್ಲಿ ಗಟ್ಟಿಯಾಗಿದ್ದುದು ಏನೋ ಅಲ್ಲಾಡಿತು. “ಹೊಡ್ದೆ ಅನ್ಸುತ್ತೆ ಅಣ್ಣ... ಎರಡೂ ಒಂದೇ ಹೆಸ್ರು ನೋಡಿ... ಒಂದೇ ಅಂದ್ಕೊಂಡ್ನೋ ಏನೋ...” ಎಂದಳು.

“ನಾಳೆಯಿಂದ ಬರ್ಬೇಡಮ್ಮ” ಎಂದ ಕೆಂಪರಾಜಣ್ಣ. ಅವನು ಕೆಟ್ಟವನಲ್ಲ. ಊರವರು ಆಫೀಸಿಗೆ ಕಲ್ಲು ಹೊಡೆಯುತ್ತಾರೆ ಎಂದು ಹೆದರಿದ್ದ. ವನಜಕ್ಕ ಚೀಲ ತೆಗೆದುಕೊಂಡಳು. ಟೈಪಿಂಗ್ ಮಾಡುವಾಗ ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ಚಿಕ್ಕ ದಿಂಬನ್ನೂ ಚೀಲಕ್ಕೆ ತುರುಕಿಕೊಂಡಳು. “ಬರ್ತೀನಿ ಮೂರ್ತಿ” ಎಂದು ಹೋದಳು.

ಅವಳು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ, ನಾನು ಹಿಂದಿನ ದಿನದ ಫೈಲು ತೆಗೆದು ನೋಡಿದೆ. ಇತ್ತು. ಟಿ, ಚುಕ್ಕಿ, ಮುನಿಯಪ್ಪ ನಿಧನ, ತಿಮ್ಮಸಂದ್ರ, ಮಣ್ಣು ಸಂಜೆ ನಾಲ್ಕಕ್ಕೆ. ಒಂದಕ್ಷರ ತಪ್ಪಿರಲಿಲ್ಲ. ನನ್ನ ಪ್ರೋಗ್ರಾಂ ಎರಡೂ ಹೆಸರಿನ ಇನಿಷಿಯಲ್ ಕಿತ್ತು, ಎರಡೂ ಒಂದೇ ಎಂದು ತಿಳಿದು, ಎರಡನೇ ಮುನಿಯಪ್ಪನನ್ನು ಬಿಸಾಕಿತ್ತು.

ಬಸ್ ಸ್ಟ್ಯಾಂಡು ಐದು ನಿಮಿಷದ ದಾರಿ. ಅವಳ ಬಸ್ಸು ಒಂದೂವರೆಗೆ. ಓಡಿದ್ದರೆ ಸಿಗುತ್ತಿದ್ದಳು. ಓಡುವುದೂ ಬೇಡ, ಪಕ್ಕದ ಕೋಣೆಯಲ್ಲಿ ಕೆಂಪರಾಜಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ, ಎದ್ದು ಹೋಗಿ ಹೇಳಿದ್ದರೆ ಸಾಕಿತ್ತು. ಎದ್ದೆ. ಬಾಗಿಲವರೆಗೂ ಹೋದೆ. ಅವನು ತಲೆಯೆತ್ತಿ, “ನೀನೊಬ್ಬ ಇದ್ದೀಯಲ್ಲ ಅನ್ನೋದೇ ಧೈರ್ಯ ಕಣೋ” ಎಂದ. ಥೂ! ಕಾಫಿ ತರಿಸಲಾ ಅಣ್ಣ ಎಂದು ಕೇಳಿ ವಾಪಸ್ ಬಂದೆ.

ಆ ಮಧ್ಯಾಹ್ನವೇ ಕೂತು ಲೈಬ್ರರಿಯನ್ನು ಸರಿ ಮಾಡಿದೆ, ಆಷಾಢದಲ್ಲಿ ಮಾಡಬೇಕಾಗಿದ್ದ ರಿಪೇರಿ. ಇನಿಷಿಯಲ್ ಮುಟ್ಟಕೂಡದು ಎಂದು ದೊಡ್ಡಕ್ಷರದಲ್ಲಿ ಬರೆದೆ. ಬದಲಾವಣೆಗಳ ಪಟ್ಟಿಯಲ್ಲಿ ಏನಾಯಿತೆಂದು ಬರೆಯಬೇಕು. ಬೆರಳು ಎರಡು ಸಲ ಶುರು ಮಾಡಿ ನಿಂತಿತು. ಕೊನೆಗೆ ‘ಸಣ್ಣ ತಿದ್ದುಪಡಿ’ ಎಂದು ಹಾಕಿ ಇಂಟರ್ನೆಟ್ಟಿಗೆ ಕಳಿಸಿದೆ. ಹಿಂದಿನ ದಿನದ ಫೈಲನ್ನು ಪ್ರತಿದಿನ ಅಳಿಸುವುದು ನಮ್ಮ ಪದ್ಧತಿಯಾಗಿತ್ತು. ಅವತ್ತೂ ಅಳಿಸಿದೆ. ಆಚೆ ವಾರ ಯಾರೋ ವಿದೇಶದವನು, ಹೊಸ ಆವೃತ್ತಿ ಚೆನ್ನಾಗಿದೆ, ಇಷ್ಟು ಶ್ರದ್ಧೆಯಿಂದ ನೋಡಿಕೊಳ್ಳುವವರು ಅಪರೂಪ ಎಂದು ಬರೆದಿದ್ದ.

ಆಮೇಲಿನದನ್ನು ಏನು ಹೇಳುವುದು? ಒಂದೆರಡು ವರ್ಷದಲ್ಲಿ ಆ ಕೇಬಲ್ ಆಫೀಸು ಕೈ ಬದಲಾಯಿತು, ಲೈಬ್ರರಿಯನ್ನು ಬೇರೆಯವರು ವಹಿಸಿಕೊಂಡರು, ನಾನು ಮೇಷ್ಟ್ರಾದೆ. ವನಜಕ್ಕನಿಗೆ ಎಲ್ಲೂ ಟೈಪಿಂಗ್ ಕೆಲಸ ಸಿಗಲಿಲ್ಲ. ಮಗಳಿಗೆ ಅಪ್ಪನ ಮುಖ ತಪ್ಪಿಸಿದವಳು ಎಂಬ ಮಾತು ಟೌನಿನಲ್ಲಿ ಹರಡಿತ್ತು. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ನಿಂತುಕೊಂಡು ದಾರ ಕತ್ತರಿಸುವ ಕೆಲಸಕ್ಕೆ ಸೇರಿದ್ದಾಳೆ ಎಂದು ಕೇಳಿದೆ. ಒಂದು ಸಲ ಫ್ಯಾಕ್ಟರಿ ಬಸ್ಸಿನ ಕಿಟಕಿಯಲ್ಲಿ ಕಂಡಳು. ನಾನು ಬೀಡಾ ಅಂಗಡಿಯ ಹಿಂದೆ ಸರಿದುಕೊಂಡೆ.

ಹೋದ ಭಾನುವಾರ ಕೊನೆಗೂ ಹೋದೆ. ಹಳ್ಳಿಯಲ್ಲಿ ಕೇಳಿದರೆ ತಕ್ಷಣ ಮನೆ ತೋರಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಜಗುಲಿ ಮೇಲೆ ಅಲಸಂದೆ ಕಾಯಿ ಬಿಡಿಸುತ್ತಿದ್ದಳು. ಗುರುತು ಹಿಡಿದವಳೇ, “ಅಯ್ಯೋ ಮೂರ್ತಿ! ಏನಪ್ಪಾ ಹಿಂಗೆ ದಪ್ಪ ಆಗ್ಬಿಟ್ಟಿದ್ದೀಯ!” ಎಂದು ಚಾಪೆ ಹಾಸಿದಳು. ಬೆಲ್ಲ, ನೀರು ಕೊಟ್ಟಳು. ಮಕ್ಕಳು ಮರಿ ವಿಚಾರ ಆಯಿತು. ನಾನು ಹೇಗೆ ಶುರು ಮಾಡಲಿ ಎಂದು ಒದ್ದಾಡುತ್ತಿದ್ದಾಗ ಅವಳೇ ಎತ್ತಿದಳು.

“ಮಣ್ಣಾದ ಮೂರನೇ ದಿನ, ಹಾಲುತುಪ್ಪ ಬಿಡುವಾಗ, ತಿಮ್ಮಸಂದ್ರಕ್ಕೆ ಹೋಗಿದ್ದೆ ಕಣೋ. ಭಾಗ್ಯಮ್ಮನ ಕಾಲಿಗೆ ಬಿದ್ದೆ. ನನ್ನ ಕೈ ತಪ್ಪಾಯ್ತು ತಾಯಿ ಅಂದೆ. ಆಯಮ್ಮ ಕಾಲು ಎಳ್ಕೊಂಡ್ಲು. ಊರೆಲ್ಲ ಬೈತು ಮೂರ್ತಿ. ನಮ್ಮತ್ತೆ ಬೈದ್ರು, ಇವ್ರೂ ಬೈದ್ರು. ನೀನೊಬ್ನೇ ನೋಡು, ನಂಗೆ ಒಂದು ಮಾತೂ ಅನ್ಲಿಲ್ಲ. ಎಷ್ಟೋ ಸಲ ನೆನೆಸ್ಕೊಂಡಿದ್ದೀನಿ ನಿನ್ನ.”

ಭೂಮಿ ಬಾಯಿ ಬಿಡಬಾರದೇ ಎಂದು ಜನ ಅನ್ನುತ್ತಾರಲ್ಲ, ನನಗೆ ಅವತ್ತು ಅದು ಬರೀ ಮಾತಾಗಿರಲಿಲ್ಲ. ಚಾಪೆಯ ಅಂಚು ನೋಡುತ್ತ ಎಲ್ಲ ಹೇಳಿದೆ. ಇನಿಷಿಯಲ್ ಕಿತ್ತದ್ದು, ಎರಡನೆಯದನ್ನು ಬಿಡು ಎಂದು ಬರೆದದ್ದು, ಅವಳು ಹೋದ ಹತ್ತು ನಿಮಿಷಕ್ಕೆ ಫೈಲು ನೋಡಿದ್ದು, ಬಾಗಿಲವರೆಗೆ ಹೋಗಿ ಕಾಫಿ ಕೇಳಿ ಬಂದದ್ದು, ಅಳಿಸಿದ್ದು. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ. ಅವಳ ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ಇತ್ತು.

“ಹಂಗಾದ್ರೆ,” ಎಂದಳು ಬಹಳ ಮೆಲ್ಲಗೆ, “ನಾನು ಹೊಡ್ದಿದ್ದೆ?”

“ಹೊಡ್ದಿದ್ರಿ ಅಕ್ಕ.”

“ಟಿ ಚುಕ್ಕಿನೂ?”

“ಚುಕ್ಕಿನೂ ಇತ್ತು ಅಕ್ಕ. ಒಂದಕ್ಷರ ತಪ್ಪಿರಲಿಲ್ಲ.”

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಡಿಲಿನ ಕಾಯಿಯೆಲ್ಲ ನೆಲಕ್ಕೆ ಚೆಲ್ಲಿದ್ದೂ ಗೊತ್ತಾಗದೆ ಎದ್ದು ನಿಂತಳು. ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಗಂಡನಿಗೆ ಕೇಳುವಂತೆ ಕೂಗಿದಳು.

“ಏನೂಂದ್ರೆ, ಕೇಳಿಸ್ಕೊಂಡ್ರಾ? ಬನ್ನಿ ಇಲ್ಲಿ! ನಾನು ಹೊಡ್ದಿದ್ನಂತೆ! ಸರಿಯಾಗೇ ಹೊಡ್ದಿದ್ನಂತೆ ಕಣ್ರೀ!”